ಇವೆಂಟ್ ಲೂಪಿನ ತೂಬು: ಒಂದು ವಿಮರ್ಶೆ

ನೇರಪ್ರಸಾರದ ತಂತ್ರಾಂಶದಲ್ಲಿ ದುಡಿಮೆ ಎರಡು ಕಡೆ ನಡೆಯುತ್ತದೆ. ಚಿತ್ರ ಧ್ವನಿಗಳನ್ನು ಸಂಸ್ಕರಿಸುವ ಕಾರ್ಯ ಹಲವು ಥ್ರೆಡ್ಡುಗಳಲ್ಲಿ ಸಾಗಿದರೆ, ಜಾಲಸಂಪರ್ಕವನ್ನು ನೋಡಿಕೊಳ್ಳುವುದು ಒಂದೇ ಥ್ರೆಡ್ಡಿನಲ್ಲಿ ಸುತ್ತುವ ಇವೆಂಟ್ ಲೂಪ್. ಮೊದಲನೆಯವು ಎರಡನೆಯದಕ್ಕೆ ಕೆಲಸವನ್ನು ಕ್ಷೇಮವಾಗಿ ಒಪ್ಪಿಸುವುದು ಹೇಗೆಂಬುದೇ ಇಲ್ಲಿ ವಿಚಾರಣೀಯವಾದ ಪ್ರಶ್ನೆ. ಇತಿಹಾಸದ ಅಧ್ಯಾಪಕರಿಗೆ ಇದೇತಕ್ಕೆಂದು ವಾಚಕರು ಕೇಳಬಹುದು. ಹಂಪಿಯ ತುರುತ್ತು ಕಾಲುವೆ, ಕಂಪ್ಲಿಯ ಕಾಲುವೆ ಮೊದಲಾದ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತಿರುವ ಈ ಸೀಮೆಯವರಿಗೆ ಪ್ರಶ್ನೆ ತೀರ ಅಪರಿಚಿತವೇನೂ ಅಲ್ಲ.

ನಮ್ಮ ನಾಡಿನ ಕೆರೆಗಳ ಸಂಪ್ರದಾಯದಲ್ಲಿ ತೂಬನ್ನೆತ್ತುವವನು ನೀರುಗಂಟಿಯೊಬ್ಬನೇ. ನೀರು ಬೇಕಾದ ರೈತನು ಅವನಿಗೆ ಹೇಳಿಕಳುಹಿಸುವನಲ್ಲದೆ ತಾನೇ ತೂಬಿಗೆ ಕೈಯಿಡುವುದಿಲ್ಲ. ಇಟ್ಟರೆ ಸರದಿಯ ಲೆಕ್ಕವೇ ಕೆಡುತ್ತದೆ. ಲೂಪಿನ ನಿಯಮವೂ ಇದೇ. ಆದರೆ ಹೋಲಿಕೆ ಒಂದೆಡೆ ನಿಲ್ಲುತ್ತದೆ: ಕೆಲಸವಿಲ್ಲದಾಗ ಲೂಪ್ ನಿದ್ರಿಸುತ್ತದೆ, ಸಾಲಿನಲ್ಲಿ ಚೀಟಿಯಿಟ್ಟ ಮಾತ್ರಕ್ಕೆ ಎಚ್ಚರಗೊಳ್ಳುವುದಿಲ್ಲ. ಚೀಟಿಯನ್ನೂ ಇಡಬೇಕು, ತಟ್ಟಿಯೂ ಎಬ್ಬಿಸಬೇಕು.

ಪೈಥಾನ್ ಭಾಷೆಯ 3.4ನೆಯ ಆವೃತ್ತಿಯೊಡನೆ 2014ರಲ್ಲಿ ಬಂದ ಅಸಿಂಕ್‌ಐಓ ಇದಕ್ಕೆ ಎರಡು ಕರೆಗಳನ್ನಿಟ್ಟಿದೆ. 'ಕಾಲ್ ಸೂನ್' ಚೀಟಿಯನ್ನಷ್ಟೇ ಇಡುತ್ತದೆ; 'ಕಾಲ್ ಸೂನ್ ಥ್ರೆಡ್‌ಸೇಫ್' ಎಬ್ಬಿಸುವ ಕೆಲಸವನ್ನೂ ಮಾಡುತ್ತದೆ. ಅನ್ಯ ಥ್ರೆಡ್ಡಿನಿಂದ ಮೊದಲನೆಯದನ್ನು ಕರೆದವನ ಪಾಡೇನು? ಸಿದ್ಧವಾದ ಚಿತ್ರ ಹೊರಡದೆ ಕಾದಿರುತ್ತದೆ. ಬೇರಾವನೋ ನೋಡುಗನ ಸಂಪರ್ಕ ಲೂಪನ್ನು ಎಬ್ಬಿಸಿದಾಗ ಹಠಾತ್ತಾಗಿ ಹೊರಡುತ್ತದೆ. ಆದಕಾರಣ ಸಂದಣಿಯಿರುವ ವೇಳೆಯಲ್ಲಿ ಈ ದೋಷ ಕಾಣುವುದೇ ಇಲ್ಲ, ನೋಡುಗರು ವಿರಳವಾದಾಗ ಕಾಣುತ್ತದೆ. ಇಂತಹ ತಪ್ಪನ್ನು ಅಸಿಂಕ್‌ಐಓ ಆಕ್ಷೇಪಿಸುವುದು ಡೀಬಗ್ ಸ್ಥಿತಿಯಲ್ಲಿ ಮಾತ್ರ. ನಿತ್ಯದ ಬಳಕೆಯಲ್ಲಿ ಮೌನವಾಗಿರುತ್ತದೆ. ಈ ಮೌನ ನಮಗೆ ಸಮ್ಮತವಲ್ಲ. ಕಲಿಯುವವನಿಗೆ ಎಚ್ಚರಿಕೆ ಬೇಕಾದುದು ಅವನು ತಪ್ಪನ್ನು ಶಂಕಿಸದೆ ಇರುವಾಗ.

ನೋಡ್‌ಜೆಎಸ್‌ಗೆ ಆಧಾರವಾದ ಲಿಬ್‌ಯುವಿ ಹೆಚ್ಚು ಪ್ರಾಮಾಣಿಕವಾಗಿದೆ. ಅನ್ಯ ಥ್ರೆಡ್ಡಿನಿಂದ ಲೂಪನ್ನು ಎಬ್ಬಿಸಲು 'ಅಸಿಂಕ್ ಸೆಂಡ್' ಎಂಬ ಕರೆಯಿದೆ. ಆದರೆ ಒಡನೊಡನೆ ಐದು ಸಲ ಕರೆದರೆ ಲೂಪಿನ ಕಡೆ ಕಾರ್ಯ ಒಂದೇ ಸಲ ನಡೆಯಬಹುದು. ಇದನ್ನು ನ್ಯೂನತೆಯೆಂದು ಭಾವಿಸುವುದು ಸರಿಯಲ್ಲ. ಬಾಗಿಲು ತಟ್ಟುವುದು ಎಬ್ಬಿಸುವುದಕ್ಕೇ ಹೊರತು ಎಣಿಸುವುದಕ್ಕಲ್ಲ. ಚೀಟಿಗಳ ಸಾಲನ್ನು ಬೀಗದ ರಕ್ಷಣೆಯಲ್ಲಿ ಬೇರೆಯಾಗಿ ಇಟ್ಟುಕೊಂಡು, ಎದ್ದಾಗಲೆಲ್ಲ ಅದನ್ನು ಪೂರ್ತಿ ಬರಿದುಮಾಡುವುದು ಬಳಸುವವನ ಹೊಣೆ.

ಜಿಸ್ಟ್ರೀಮರ್ ಆಶ್ರಯಿಸಿರುವ ಜಿಲಿಬ್‌ನ ವಿಷಯದಲ್ಲಿ ನಮ್ಮ ಆಕ್ಷೇಪಣೆ ಹೆಸರಿನ ಮೇಲೆ. ಅದರ 'ಇನ್‌ವೋಕ್' ಎಂಬ ಕರೆಗೆ ಕೊಟ್ಟ ಕೆಲಸ ಲೂಪಿನ ಥ್ರೆಡ್ಡಿನಲ್ಲಿಯೇ ನಡೆಯುವುದೆಂದು ಓದುಗನು ನಂಬುತ್ತಾನೆ. ಆದರೆ ಮೂಲ ಲೂಪನ್ನು ಆ ಕ್ಷಣದಲ್ಲಿ ಯಾರೂ ವಹಿಸಿಕೊಂಡಿರದಿದ್ದರೆ, ಕರೆದ ಥ್ರೆಡ್ಡೇ ಅದನ್ನು ವಹಿಸಿಕೊಂಡು ಕೆಲಸವನ್ನು ತಾನೇ ಮಾಡಿಬಿಡಬಹುದು. ಅಂದರೆ ನೀರುಗಂಟಿ ಇನ್ನೂ ಬಾರದಿರುವಾಗ ರೈತನೇ ತೂಬನ್ನು ಎತ್ತಿದಂತೆ. 'ಐಡಲ್ ಆಡ್' ಎಂಬ ಕರೆಯಾದರೋ ಯಾವಾಗಲೂ ಕೆಲಸವನ್ನು ಸಾಲಿನಲ್ಲಿಡುತ್ತದೆ. ಜಿಸ್ಟ್ರೀಮರ್‌ನ 'ಬಸ್' ಏರ್ಪಾಡೂ ಅಂತಹುದೇ: ದೋಷ, ಮುಕ್ತಾಯ ಮುಂತಾದ ಸುದ್ದಿಗಳನ್ನು ಪ್ರಸಾರದ ಥ್ರೆಡ್ಡುಗಳು ಅದರಲ್ಲಿ ಇಡುತ್ತವೆ, ಮುಖ್ಯ ಲೂಪ್ ತನ್ನ ಸರದಿಯಲ್ಲಿ ಎತ್ತಿಕೊಳ್ಳುತ್ತದೆ. ತರಗತಿಯಲ್ಲಿ ಬೋಧಿಸುವಾಗ ಮೊದಲು ಹೇಳಬೇಕಾದುದು ಈ ಏರ್ಪಾಡನ್ನೇ. 'ಇನ್‌ವೋಕ್' ಆಮೇಲೆ ಬಂದರೆ ಸಾಕು.