ಆವೇಶದ ನುಡಿ ಮತ್ತು ಅಚ್ಚಿನ ಶಾಸ್ತ್ರ: ‘ವೈಮಾನಿಕ ಶಾಸ್ತ್ರ’ದ ಪ್ರಕಟಣೆಯನ್ನು ಕುರಿತು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ನೇಮ-ಕೋಲಗಳನ್ನು ಕಂಡವರಿಗೆ ಅಗೋಚರದಿಂದ ಬರುವ ಮಾತು ಹೊಸತಲ್ಲ. ಗಗ್ಗರ ಕಟ್ಟಿ ಅಣಿಯೇರಿಸಿ ನಿಂತ ದೈವ ಮಾತನಾಡುತ್ತದೆ. ಹಳೆಯದನ್ನು ನೆನಪಿಸುತ್ತದೆ, ಅಭಯ ನೀಡುತ್ತದೆ, ಗದರುತ್ತದೆ. ಆದರೆ ಆ ನುಡಿ ನಿರಾಧಾರವಾಗಿ ತೇಲುವಂಥದ್ದಲ್ಲ. ಅದಕ್ಕೊಂದು ಅಂಗಳವಿದೆ, ಒಂದು ರಾತ್ರಿಯಿದೆ, ಎದುರು ನಿಂತು ಬಿನ್ನಹ ಮಾಡುವ ಮನೆತನದ ಹಿರಿಯರಿದ್ದಾರೆ, ಮದಿಪು ಹೇಳುವ ಮಧ್ಯಸ್ಥರಿದ್ದಾರೆ. ನುಡಿಗೆ ಪ್ರತಿನುಡಿಯೂ ಉಂಟು. ಈ ಆವರಣದಿಂದ ಕಿತ್ತು ತೆಗೆದು, ಹೇಳಿದವರ ಹೆಸರನ್ನು ಹಿಂದಕ್ಕೆ ಸರಿಸಿ, ‘ಪ್ರಾಚೀನ ವಿಜ್ಞಾನ’ ಎಂಬ ಮುಖಪುಟದೊಡನೆ ಅಂಥ ನುಡಿಯನ್ನು ಅಚ್ಚು ಮಾಡಿದರೆ ಏನಾಗುತ್ತದೆ? ಈ ಪ್ರಶ್ನೆಗೆ ಕರ್ನಾಟಕದಲ್ಲಿಯೇ ಒಂದು ಸುಪರಿಚಿತ ನಿದರ್ಶನವಿದೆ. ಅದು ಕರಾವಳಿಯದಲ್ಲ, ಘಟ್ಟದ ಮೇಲಿನದು: ಆನೇಕಲ್ಲಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಮುದ್ರಣಗೊಂಡು, ಹಾರುವ ತಟ್ಟೆಗಳ ಆಸಕ್ತರ ಕೈಯಲ್ಲಿ ಜಗತ್ತನ್ನು ಸುತ್ತಿದ ‘ವೈಮಾನಿಕ ಶಾಸ್ತ್ರ’.

ಕೃತಿಯ ಹಿನ್ನೆಲೆ ಸಂಶೋಧಕರಿಗೆ ತಿಳಿದದ್ದೇ. ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಬಾಲ್ಯದಲ್ಲಿಯೇ ಅನಾಥರಾಗಿ ಅಲೆದು, ಕೋಲಾರ ಸೀಮೆಯ ಆವನಿಯ ಬಳಿ ಒಬ್ಬ ಸಾಧುವಿನಿಂದ ಉಪದೇಶ ಪಡೆದವರೆಂದು ಅವರ ಜೀವನ ಕಥನ ಹೇಳುತ್ತದೆ. ಆ ಬಳಿಕ ಅವರ ಬಾಯಿಂದ ಶಾಸ್ತ್ರವಾಕ್ಯಗಳು ತಾವಾಗಿಯೇ ಹೊರಡತೊಡಗಿದವು ಎಂಬುದು ಅವರ ಸುತ್ತಲಿನವರ ನಂಬಿಕೆ. 1918ರಿಂದ 1923ರವರೆಗೆ ಅವರು ಹೇಳಿದ ಸಂಸ್ಕೃತ ಶ್ಲೋಕಗಳನ್ನು ಜಿ. ವೆಂಕಟಾಚಲ ಶರ್ಮರು ಬರೆದುಕೊಂಡರು. ಅವು ಭರದ್ವಾಜ ಮಹರ್ಷಿಯ ‘ಯಂತ್ರಸರ್ವಸ್ವ’ದ ಭಾಗವೆಂದು ಹೇಳಲಾಯಿತು. ಬೆಂಗಳೂರಿನ ನಕ್ಷೆಗಾರ ಟಿ.ಕೆ. ಎಲ್ಲಪ್ಪನವರು ಶಾಸ್ತ್ರಿಗಳ ಸೂಚನೆಯಂತೆ ಶಕುನ, ಸುಂದರ, ರುಕ್ಮ, ತ್ರಿಪುರ ವಿಮಾನಗಳ ಚಿತ್ರ ಬರೆದರು. 1959ರಲ್ಲಿ ಹಿಂದಿ ಅನುವಾದದೊಡನೆ ಒಂದು ಆವೃತ್ತಿ ಹೊರಬಂತು. ಶಾಸ್ತ್ರಿಗಳು ತೀರಿಕೊಂಡು ಮೂರು ದಶಕಗಳ ಬಳಿಕ, 1973ರಲ್ಲಿ, ಮೈಸೂರಿನ ಜಿ.ಆರ್. ಜೋಸ್ಯರ್ ಇಂಗ್ಲಿಷ್ ಅನುವಾದ ಮತ್ತು ಚಿತ್ರಗಳ ಸಹಿತ ಅದನ್ನು ಪ್ರಕಟಿಸಿದರು.

ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಅವರ ನಾಲ್ವರು ಸಹೋದ್ಯೋಗಿಗಳು ಕೃತಿಯನ್ನು ಪರೀಕ್ಷಿಸಿದರು. ಅದರ ರಚನೆಯನ್ನು 1904ಕ್ಕಿಂತ ಹಿಂದಕ್ಕೆ ಒಯ್ಯಲಾಗದು, ಭಾಷೆ ಆಧುನಿಕ ಸಂಸ್ಕೃತ, ವರ್ಣಿತವಾದ ವಿಮಾನಗಳು ಹಾರಲಾರವು ಎಂಬುದು ಅವರ ನಿರ್ಣಯ. ಈ ನಿರ್ಣಯ ಇಂದಿಗೂ ಅಚಲವಾಗಿದೆ. 2015ರ ಜನವರಿಯಲ್ಲಿ ಮುಂಬಯಿಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಇದೇ ಕೃತಿಯನ್ನು ಮುಂದಿಟ್ಟು ವೇದಕಾಲದ ವಿಮಾನಗಳ ಪ್ರತಿಪಾದನೆ ನಡೆದದ್ದು ಓದಿನ ಕೊರತೆಯೇ ಹೊರತು ಹೊಸ ಸಾಕ್ಷ್ಯದ ಫಲವಲ್ಲ.

ಆದರೆ ಐವರು ವಿಜ್ಞಾನಿಗಳು ಉತ್ತರಿಸಿದ್ದು ಪ್ರಕಾಶಕರು ಎತ್ತಿದ ಪ್ರಶ್ನೆಯನ್ನು: ಇದು ಹಳೆಯದೇ, ಇದು ಹಾರುತ್ತದೆಯೇ? ಹಾರದು ಎಂದಾದ ಮೇಲೆ ಕೃತಿಯ ಕಥೆ ಮುಗಿಯಿತೆಂದು ವಿಚಾರವಾದಿಗಳು ಭಾವಿಸಿದರು. ಮುಗಿದಿಲ್ಲವೆಂದು ಅಭಿಮಾನಿಗಳು ಹಟ ಹಿಡಿದರು. ಇದು ಯಾವ ಬಗೆಯ ಮಾತು ಎಂಬ ಜಾನಪದ ಶಾಸ್ತ್ರದ ಮೊದಲ ಪ್ರಶ್ನೆಯನ್ನು ಎರಡೂ ಪಕ್ಷದವರು ಕೇಳಲಿಲ್ಲ.

ಕೃತಿಯ ಒಳಗನ್ನೇ ನೋಡಬಹುದು. ವಿಮಾನ ನಡೆಸುವವನು ತಿಳಿದಿರಬೇಕಾದ 32 ರಹಸ್ಯಗಳನ್ನು ಅದು ಹೇಳುತ್ತದೆ. ಮೊದಲಿಗೇ ಬರುವುದು ಮಾಂತ್ರಿಕ ಮತ್ತು ತಾಂತ್ರಿಕ ರಹಸ್ಯಗಳು. ಮುಂದೆ ಕಣ್ಮರೆಯಾಗುವುದು, ಹಾವಿನಂತೆ ಸರಿಯುವುದು, ಶತ್ರುವಿನ ವಿಮಾನದೊಳಗಿನ ಮಾತನ್ನು ದೂರದಿಂದಲೇ ಕೇಳಿಸಿಕೊಳ್ಳುವುದು. ಜನಪದ ಕಥೆಗಳ ಆಶಯಸೂಚಿಯನ್ನು ಒಮ್ಮೆ ತಿರುವಿಹಾಕಿದವರಿಗೂ ಈ ಪಟ್ಟಿ ಪರಿಚಿತವೆನಿಸುತ್ತದೆ: ಅದೃಶ್ಯತೆ, ರೂಪಾಂತರ, ದೂರಶ್ರವಣ. ತುಳು ಪಾಡ್ದನಗಳಲ್ಲಿ ‘ಜೋಗ’ದ ಲೋಕದಿಂದ ‘ಮಾಯ’ಕ್ಕೆ ಸಂದವರು ಪಡೆಯುವ ಶಕ್ತಿಗಳು ಇವೇ ಅಲ್ಲವೇ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಮಾನವೆಂಬುದು ಪತ್ರಿಕೆಗಳ ಮೂಲಕ ಊರೂರಿಗೆ ಸುದ್ದಿಯಾಗಿ ತಲಪುತ್ತಿದ್ದಾಗ, ಸಂಸ್ಕೃತ ಬಲ್ಲ ಒಬ್ಬ ಆವೇಶಶೀಲ ಪಂಡಿತನ ಬಾಯಲ್ಲಿ ಹೊಸ ಯಂತ್ರವೂ ಹಳೆಯ ಮಾಯೆಯೂ ಅನುಷ್ಟುಪ್ ಛಂದಸ್ಸಿನಲ್ಲಿ ಬೆರೆತವು. ಹೀಗೆ ಓದಿದಾಗ ಕೃತಿ ಹಾಸ್ಯಾಸ್ಪದವೆನಿಸುವುದಿಲ್ಲ. ವಸಾಹತು ಕಾಲದ ಮನಸ್ಸಿನ ಅಪರೂಪದ ದಾಖಲೆಯೆನಿಸುತ್ತದೆ.

ದಾಖಲೆಯೆಂದು ಬಳಸಲು ಹೊರಟರೆ ಮಾತ್ರ ಸಂಶೋಧಕ ಬರಿಗೈಯಲ್ಲಿ ನಿಲ್ಲುತ್ತಾನೆ. ಜೋಸ್ಯರ್ ಏನನ್ನೂ ಮರೆಮಾಚಿದವರಲ್ಲ. ಶ್ಲೋಕಗಳು ಶಾಸ್ತ್ರಿಗಳ ಬಾಯಿಂದ ಬಂದವೆಂಬುದನ್ನು ಅವರೇ ವಿಸ್ಮಯದಿಂದ ಹೇಳಿದ್ದಾರೆ. ಆದರೆ ಅದು ಅವರಿಗೆ ಕೃತಿಯ ಮಹಿಮೆಯ ಕಥೆ, ಕೃತಿಯ ಸಾಕ್ಷ್ಯವಲ್ಲ. ಯಾವ ದಿನ ಎಷ್ಟು ಶ್ಲೋಕ, ಯಾರ ಪ್ರಶ್ನೆಗೆ ಯಾವ ಉತ್ತರ, ಶರ್ಮರ ಲೇಖನಿ ಎಲ್ಲಿ ತಿದ್ದಿತು, ಹೇಳಿದವರು ಎಲ್ಲಿ ತಡವರಿಸಿದರು ಎಂಬ ವಿವರಗಳ ಜಾಗದಲ್ಲಿ ಮುಖಪುಟದ ಭರದ್ವಾಜ ಮಹರ್ಷಿಯ ಹೆಸರು ಕುಳಿತಿದೆ.

ಇದಕ್ಕೆ ಪ್ರತಿಯಾಗಿ ಬೆಳ್ತಂಗಡಿ ತಾಲೂಕಿನ ಒಂದು ಪ್ರಕಟಣೆಯನ್ನು ಇರಿಸಿ ನೋಡಬೇಕು. ಉಜಿರೆ ಸಮೀಪದ ಮಾಚಾರಿನ ಗೋಪಾಲ ನಾಯ್ಕರು ಸಿರಿ ಆರಾಧನೆಯಲ್ಲಿ ಆವೇಶಕ್ಕೆ ಒಳಗಾಗಿ ಕುಮಾರನಾಗಿ ನಡೆದುಕೊಳ್ಳುವ ಪಾತ್ರಿ, ಕೃಷಿಕ, ಅಸಾಧಾರಣ ಹಾಡುಗಾರ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ಅನ್ನೆಲಿ ಹೊಂಕೊ, ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ತಂಡ ಅವರಿಂದ ಸಿರಿ ಸಂಧಿಯನ್ನು ಹಲವು ದಿನಗಳ ಕಾಲ ಹಾಡಿಸಿ ಧ್ವನಿಮುದ್ರಿಸಿತು. 1998ರಲ್ಲಿ 15,683 ಸಾಲುಗಳ ಪಠ್ಯ ಇಂಗ್ಲಿಷ್ ಅನುವಾದದೊಡನೆ ಹೊರಬಂತು. ಜೊತೆಗೆ ಪಠ್ಯ ಹೇಗೆ ಪಠ್ಯವಾಯಿತು ಎಂಬುದನ್ನೇ ವಿವರಿಸುವ ಬೃಹತ್ ಸಂಪುಟವೊಂದು ಬಂತು. ಹಾಡಿಸಿದಾಗ ಬರುವ ಪಠ್ಯ ಬೇರೆ, ಹೇಳಿ ಬರೆಸಿದಾಗ ಬರುವ ಪಠ್ಯ ಬೇರೆ, ಆರಾಧನೆಯ ನಡುವೆ ಬರುವ ತುಣುಕು ಇನ್ನೂ ಬೇರೆ ಎಂಬುದು ಅಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. ಕಾವ್ಯದ ಕರ್ತೃತ್ವವನ್ನು ಯಾವ ಋಷಿಗೂ ಒಪ್ಪಿಸಲಿಲ್ಲ. ‘ಗೋಪಾಲ ನಾಯ್ಕರು ಹಾಡಿದಂತೆ’ ಎಂದೇ ಅದು ಪ್ರಕಟವಾಯಿತು. ಮಾಚಾರಿನ ನುಡಿಕಾರನಿಗೆ ಸಿಕ್ಕ ಈ ಮರ್ಯಾದೆ ಆನೇಕಲ್ಲಿನ ನುಡಿಕಾರನಿಗೆ ಸಿಗಲಿಲ್ಲ. ಶಾಸ್ತ್ರಿಗಳನ್ನು ಆರಾಧಿಸಿದವರೇ ಅವರ ಪ್ರತಿಭೆಯನ್ನು ಭರದ್ವಾಜರಿಗೆ ದಾನ ಮಾಡಿಬಿಟ್ಟರು.

ಪಾಡ್ದನವೊಂದನ್ನು ತಂತ್ರಜ್ಞಾನದ ಕೈಪಿಡಿಯೆಂದು ಓದಿದರೆ ಆಗುವ ಅನರ್ಥವನ್ನು ಕಲ್ಕುಡ-ಕಲ್ಲುರ್ಟಿಯರ ಕಥೆಯಿಂದ ಊಹಿಸಬಹುದು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಬೇರೆಲ್ಲೂ ಅಂಥದ್ದನ್ನು ಕಡೆಯಬಾರದೆಂದು ಅರಸು ಅವನ ಎಡಗೈ, ಬಲಗಾಲು ಕಡಿಸುತ್ತಾನೆ. ಉಳಿದ ಒಂದು ಕೈ, ಒಂದು ಕಾಲಿನಲ್ಲಿ ಅವನು ವೇಣೂರಿನಲ್ಲಿ ಇನ್ನೊಂದು ಗೊಮ್ಮಟನನ್ನು ನಿಲ್ಲಿಸುತ್ತಾನೆ. ಅಣ್ಣ-ತಂಗಿಯರು ಮಾಯವಾಗಿ ಅರಸನ ಮೇಲೆ ಮುನಿಯುತ್ತಾರೆ. ಕಾರ್ಕಳದ ಮೂರ್ತಿ 1432ರದು, ಬೆಳ್ತಂಗಡಿ ತಾಲೂಕಿನ ವೇಣೂರಿನದು 1604ರದು. ನಡುವಿನ 172 ವರ್ಷಗಳನ್ನು ಒಬ್ಬನೇ ಶಿಲ್ಪಿ ದಾಟಲಾರ. ಹಾಗೆಂದು ಪಾಡ್ದನ ಸುಳ್ಳಾಗುವುದಿಲ್ಲ. ಕೆಲಸ ಮಾಡಿದ ಕೈಯನ್ನೇ ಕಡಿದ ಅಧಿಕಾರದ ನೆನಪು ಅದರಲ್ಲಿದೆ, ಆ ನೆನಪಿಗಾಗಿಯೇ ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಇಂದೂ ಕಲ್ಲುರ್ಟಿಗೆ ಅಗೆಲು ಸಲ್ಲುತ್ತದೆ. ಯಾರಾದರೂ ಈ ಪಾಡ್ದನವನ್ನು ‘ಏಕಹಸ್ತ ಶಿಲ್ಪಶಾಸ್ತ್ರ’ವೆಂದು ಅಚ್ಚು ಹಾಕಿಸಿದ್ದರೆ, ಎಂಜಿನಿಯರುಗಳು ಅದನ್ನು ಅಲ್ಲಗಳೆಯುತ್ತಿದ್ದರು; ಕಡಿದ ಕೈಯ ಮಾತು ಅಲ್ಲಿಗೇ ನಿಂತುಹೋಗುತ್ತಿತ್ತು.

ಹವ್ಯಾಸಿಗಳನ್ನು ಹೀಗಳೆಯುವುದು ಇಲ್ಲಿನ ಉದ್ದೇಶವಲ್ಲ. ತುಳು ಪಾಡ್ದನಗಳು ಮೊದಲು ಅಚ್ಚಿಗೆ ಬಂದದ್ದೇ ವೃತ್ತಿಯಿಂದ ಜಾನಪದ ವಿದ್ವಾಂಸರಲ್ಲದವರಿಂದ. ಎ. ಮ್ಯಾನರ್ ಬಾಸೆಲ್ ಮಿಶನ್ನಿನ ಪಾದ್ರಿ, ಅವರ ಸಂಕಲನ 1886ರದು. ಎ.ಸಿ. ಬರ್ನೆಲ್ ನ್ಯಾಯಾಧೀಶ, ಅವರು ಸಂಗ್ರಹಿಸಿಟ್ಟದ್ದು ಅವರು ಗತಿಸಿದ ಬಳಿಕ, 1894ರಿಂದ, ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬಂತು, ಅದೂ ತುಳುವರ ಪಿಶಾಚಾರಾಧನೆ ಎಂಬರ್ಥದ ಶೀರ್ಷಿಕೆಯಲ್ಲಿ. ಆ ಶೀರ್ಷಿಕೆ ದೈವವನ್ನು ಪಿಶಾಚಿಯಾಗಿಸಿತು. ಮೈಸೂರಿನ ಶೀರ್ಷಿಕೆ ಆವೇಶವನ್ನು ವಿಮಾನವಿದ್ಯೆಯಾಗಿಸಿತು. ಆದರೂ ಬರ್ನೆಲ್ ಸಂಗ್ರಹವನ್ನು ಇಂದಿಗೂ ಬಳಸಬಹುದು, ಅದರ ಪಠ್ಯವನ್ನು ಇಂದು ಹಾಡುವವರ ಪಠ್ಯದೊಡನೆ ಹೋಲಿಸಲು ಸಾಧ್ಯವಿರುವುದರಿಂದ. ಅಂಥ ಹೋಲಿಕೆಗೆ ವೈಮಾನಿಕ ಶಾಸ್ತ್ರಕ್ಕೆ ಎರಡನೆಯ ಬಾಯಿಯೇ ಇಲ್ಲ.

ಲಿಖಿತ ಪರಂಪರೆಯ ಅಳತೆಗೋಲು ಬೇಕಾದರೆ ಮೂಡುಬಿದಿರೆ ಹತ್ತಿರವೇ ಇದೆ. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಜತನದಿಂದ ಉಳಿದ ಧವಲ, ಜಯಧವಲ, ಮಹಾಧವಲಗಳು ಪ್ರಾಕೃತ ಭಾಷೆಯ, ಕನ್ನಡ ಲಿಪಿಯ ಓಲೆಗಳು. ಹೀರಾಲಾಲ್ ಜೈನರು ಧವಲವನ್ನು 1939ರಿಂದ 16 ಸಂಪುಟಗಳಲ್ಲಿ ಸಂಪಾದಿಸುವಾಗ ಮೊದಲು ಹೊರಗಿನ ಪ್ರತಿಗಳನ್ನು ಅವಲಂಬಿಸಬೇಕಾಯಿತು. ಮುಂದೆ ಮೂಡುಬಿದಿರೆಯ ಓಲೆಗಳೊಡನೆ ಹೋಲಿಸಿ ಪಾಠ ತಿದ್ದಲಾಯಿತು. ಕೆ. ಭುಜಬಲಿ ಶಾಸ್ತ್ರಿಗಳ ತಾಡಪತ್ರ ಗ್ರಂಥಸೂಚಿ 1948ರಲ್ಲಿ ಹೊರಬಂದು ಈ ಪರಿಸರದ ಓಲೆಗಳನ್ನು ವಿದ್ವತ್ ಲೋಕದ ಮುಂದೆ ತೆರೆದಿಟ್ಟಿತು. ಪ್ರಾಚೀನತೆಯನ್ನು ಸಾಧಿಸುವ ಕ್ರಮ ಇದು: ಓಲೆ, ಪ್ರತಿ, ಪಾಠಾಂತರ, ಸೂಚಿ. ಭರದ್ವಾಜರ ಹೆಸರಿನ ವಿಮಾನ ಗ್ರಂಥಕ್ಕೆ ತೋರಿಸಲಾದ ಹಸ್ತಪ್ರತಿಗಳು ಇಪ್ಪತ್ತನೆಯ ಶತಮಾನವನ್ನು ದಾಟಿ ಹಿಂದಕ್ಕೆ ಹೋಗುವುದಿಲ್ಲ.

ಮುದ್ರಣದ ಬಳಿಕ ಕೃತಿ ಸಾಗಿದ ಹಾದಿಯೂ ಸ್ವತಃ ಜಾನಪದದ ವಸ್ತು. 1947ರ ಜೂನ್ 24ರಂದು ಅಮೆರಿಕದ ವಿಮಾನಚಾಲಕ ಕೆನೆತ್ ಆರ್ನಾಲ್ಡ್ ತಾನು ಕಂಡ ವಸ್ತುಗಳ ಚಲನೆಯನ್ನು ನೀರಿನ ಮೇಲೆ ಎಸೆದ ತಟ್ಟೆಯ ನೆಗೆತಕ್ಕೆ ಹೋಲಿಸಿದ್ದ. ಪತ್ರಿಕೆಗಳು ಚಲನೆಯನ್ನು ಆಕಾರವಾಗಿಸಿದವು. ಆಮೇಲೆ ಜನ ಕಂಡದ್ದೆಲ್ಲ ತಟ್ಟೆಗಳನ್ನೇ. ಎಲ್ಲಪ್ಪನವರ ನಕ್ಷೆಗಳು ಮಾಡಿದ್ದೂ ಇದನ್ನೇ. ಶ್ಲೋಕದಲ್ಲಿ ಮಸುಕಾಗಿದ್ದುದು ಗೆರೆಯಲ್ಲಿ ಖಚಿತವಾಯಿತು. ಸಂಸ್ಕೃತ ಓದಲಾರದವರಿಗೂ ಚಿತ್ರ ಸಾಕಾಯಿತು. 1968ರಲ್ಲಿ ಎರಿಕ್ ಫಾನ್ ಡೆನಿಕೆನ್‌ನ ಪುಸ್ತಕ ದೇವತೆಗಳನ್ನು ಗಗನಯಾತ್ರಿಗಳೆಂದು ಸಾರಿದ ಮೇಲೆ ಇಂಥ ಚಿತ್ರಗಳಿಗೆ ಓದುಗರು ಸಿದ್ಧರಾಗಿದ್ದರು. 1991ರಲ್ಲಿ ಡೇವಿಡ್ ಚೈಲ್ಡ್ರೆಸ್ ಎಂಬ ಅಮೆರಿಕನ್ ಲೇಖಕ ಅದೇ ಇಂಗ್ಲಿಷ್ ಪಠ್ಯವನ್ನು ಅಟ್ಲಾಂಟಿಸ್ ದ್ವೀಪದ ಜೊತೆ ಒಂದೇ ಪುಸ್ತಕದೊಳಗೆ ಸೇರಿಸಿದ. ಆನೇಕಲ್ಲು ಅಷ್ಟು ಹೊತ್ತಿಗೆ ಕಾಣದಷ್ಟು ದೂರ ಉಳಿದಿತ್ತು.

ಇತ್ತೀಚೆಗೆ ದೈವಗಳ ‘ವೈಜ್ಞಾನಿಕ ರಹಸ್ಯ’ವನ್ನು ವಿವರಿಸಹೊರಡುವ ಉತ್ಸಾಹ ತುಳುನಾಡಿನಲ್ಲಿಯೂ ಕಾಣುತ್ತಿದೆ. ಹೇಳಿದವರು ಯಾರು, ಯಾವ ನೇಮದಲ್ಲಿ, ಯಾವ ಸ್ಥಾನದಲ್ಲಿ ಎಂಬುದು ಬಿಟ್ಟುಹೋದ ಬರೆಹ ಎಷ್ಟೇ ಭಕ್ತಿಪೂರ್ವಕವಾಗಿದ್ದರೂ ಮುಂದಿನ ಸಂಶೋಧಕನಿಗೆ ಅದು ಜೋಸ್ಯರರ ಪುಸ್ತಕದಷ್ಟೇ ನಿರುಪಯುಕ್ತ. ಗ್ರಂಥಾಲಯಗಳಂತೂ ತಮ್ಮಲ್ಲಿರುವ 1973ರ ಪ್ರತಿಯನ್ನು ಪ್ರಾಚೀನ ಶಾಸ್ತ್ರಗಳ ಕಪಾಟಿನಿಂದ ತೆಗೆದು, ಸೂಚಿಯಲ್ಲಿ ಹೀಗೆ ಬರೆಯಬಹುದು: ಹೇಳಿದವರು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿ, ಬರೆದುಕೊಂಡವರು ಜಿ. ವೆಂಕಟಾಚಲ ಶರ್ಮ, ನಕ್ಷೆಗಳು ಟಿ.ಕೆ. ಎಲ್ಲಪ್ಪನವರವು, ಕಾಲ 1918ರಿಂದ 1923.