ವಿಮಾನಿಧಿಯ ವಿನಿಯೋಗ: ಬೇಯ್ಲಿಯ ಪಂಚಸೂತ್ರಗಳು

ಜೀವವಿಮೆಯ ಸಂಸ್ಥೆಗಳು ತಮ್ಮ ನಿಧಿಯನ್ನು ಎಲ್ಲಿ ತೊಡಗಿಸಬೇಕೆಂಬ ಪ್ರಶ್ನೆಗೆ ಇಂಗ್ಲೆಂಡಿನ ವಿಮಾಗಣಿತಜ್ಞನಾದ ಎ. ಎಚ್. ಬೇಯ್ಲಿಯು 1862ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಕೊಟ್ಟ ಉತ್ತರವು ಐದು ಸೂತ್ರಗಳಲ್ಲಿ ಅಡಕವಾಗಿದೆ. ಮೂಲಧನದ ಭದ್ರತೆಯೇ ಮೊದಲನೆಯದು. ಭದ್ರತೆಗೆ ಅಧೀನವಾಗಿ, ಸಾಧ್ಯವಿರುವಷ್ಟು ಹೆಚ್ಚಿನ ಬಡ್ಡಿಯನ್ನು ದೊರಕಿಸುವುದು ಎರಡನೆಯದು. ನಿಧಿಯ ಅಲ್ಪಭಾಗವನ್ನು ಬೇಕೆಂದಾಗ ಹಣವಾಗಿ ಮಾಡಿಕೊಳ್ಳಬಹುದಾದ ಪತ್ರಗಳಲ್ಲಿ ಇಡಬೇಕು. ಉಳಿದುದನ್ನು ಬೇಗನೆ ಮಾರಲಾಗದ ಆಧಾರಗಳ ಮೇಲೆ ತೊಡಗಿಸಬಹುದು, ತೊಡಗಿಸಲೂ ಬೇಕು. ಆದಮಟ್ಟಿಗೆ ಆ ಧನವು ವಿಮಾವ್ಯವಹಾರದ ವೃದ್ಧಿಗೆ ನೆರವಾಗಬೇಕು: ಇವು ಉಳಿದ ಮೂರು. ಬಹುಕಾಲ ಇವು ಪ್ರಮಾಣವಾಗಿ ನಿಂತುದಕ್ಕೆ ಈ ಮಿತಾಕ್ಷರತೆಯೂ ಒಂದು ಕಾರಣವಿರಬೇಕು.

ಆದರೆ ಪರಸ್ಪರ ವಿರುದ್ಧವಾದ ಉದ್ದೇಶಗಳನ್ನು ಬೇಯ್ಲಿಯು ತೂಗಿ ನೋಡಿದವನಲ್ಲ, ಪಂಕ್ತಿಯಲ್ಲಿ ಕೂರಿಸಿದವನು. ಭದ್ರತೆಗೆ ತೃಪ್ತಿಯಾದ ಮೇಲಲ್ಲವೆ ಬಡ್ಡಿಗೆ ಎಲೆ ಹಾಕುವುದು? ಸಂಪೂರ್ಣ ಭದ್ರವಾದ ಆಧಾರವೆಂಬುದು ಎಲ್ಲಿಯೂ ಇಲ್ಲದಿರುವುದರಿಂದ, ಮೊದಲನೆಯ ಸೂತ್ರವನ್ನು ಅಕ್ಷರಶಃ ಹಿಡಿದರೆ ಎರಡನೆಯದಕ್ಕೆ ಸರದಿಯೇ ಬಾರದು. 1948ರಲ್ಲಿ ಪೆಗ್ಲರನು ಈ ಕ್ರಮವನ್ನು ತಿರುಗಿಸಿ, ನಿರೀಕ್ಷಿತವಾದ ಗರಿಷ್ಠ ಪ್ರತಿಫಲವೇ ಗುರಿಯೆಂದೂ ಭದ್ರತೆಯು ನಿಧಿಯನ್ನು ವಿಸ್ತಾರವಾಗಿ ಹಂಚುವುದರಿಂದ ಬರತಕ್ಕದ್ದೆಂದೂ ವಾದಿಸಿದನು. ಇದರಿಂದ ಪಂಕ್ತಿಯು ಬದಲಾಯಿತೇ ಹೊರತು ಮೂಲದೋಷವು ಹೋಗಲಿಲ್ಲ.

ಆ ದೋಷವು ‘ಭದ್ರತೆ’ಯೆಂಬ ಪದದಲ್ಲಿಯೇ ಇದೆ. ಯಾವುದರ ಭದ್ರತೆ? ಬೇಯ್ಲಿಯ ಸೂತ್ರವು ಮೂಲಧನವನ್ನು ಹೇಳುವುದೇ ವಿನಾ ಅದು ತೀರಿಸಬೇಕಾದ ಋಣವನ್ನು ಹೇಳುವುದಿಲ್ಲ. ಇಪ್ಪತ್ತು ವರ್ಷಗಳ ಅನಂತರ 1000 ಪೌಂಡು ಕೊಡುವೆನೆಂದು ಒಂದು ಸಂಸ್ಥೆಯು ಮಾತು ಕೊಟ್ಟಿದೆಯೆನ್ನೋಣ. ಬಡ್ಡಿಯು ನೂರಕ್ಕೆ 4 ಆಗಿರುವಾಗ ಅದಕ್ಕೆ ಇಂದು ಸುಮಾರು 456 ಪೌಂಡು ಸಾಕು. ಆ ಹಣವನ್ನು ಅಲ್ಪಾವಧಿಯ ಸಾಲವಾಗಿ ಕೊಟ್ಟ ಸ್ವಲ್ಪದರಲ್ಲಿಯೇ ಬಡ್ಡಿಯು 3ಕ್ಕೆ ಇಳಿದರೆ ಬೇಕಾಗುವುದು ಸುಮಾರು 554. ಮೂಲಧನದಲ್ಲಿ ಒಂದು ಕಾಸೂ ನಷ್ಟವಾಗಿಲ್ಲ. ಮೊದಲನೆಯ ಸೂತ್ರವು ಪೂರ್ಣವಾಗಿ ಪಾಲಿತವಾಗಿದೆ. ಆದರೂ ಕೊಟ್ಟ ಮಾತಿಗೆ ಹತ್ತಿರ ಹತ್ತಿರ ನೂರು ಪೌಂಡು ಕೊರತೆ. ಬೆಲೆಯು ಏರಿಳಿಯುವ ದೀರ್ಘಾವಧಿಯ ಸಾಲಪತ್ರವೇ ಇಲ್ಲಿ ಭದ್ರವಾದುದಾಗುತ್ತಿತ್ತು, ಏಕೆಂದರೆ ಬಡ್ಡಿ ಇಳಿದಾಗ ಅದರ ಬೆಲೆಯೂ ಋಣದೊಡನೆ ಏರುತ್ತಿತ್ತು.

ಇದನ್ನು 1952ರಲ್ಲಿ ರೆಡಿಂಗ್ಟನನು ಗಣಿತದಿಂದ ಸಾಧಿಸಿ, ಆಸ್ತಿಯ ಸರಾಸರಿ ಅವಧಿಯನ್ನು ಋಣದ ಸರಾಸರಿ ಅವಧಿಗೆ ಹೊಂದಿಸಬೇಕೆಂದನು. ವಿಚಿತ್ರವೇನೆಂದರೆ, ಬೇಯ್ಲಿಯ ನಾಲ್ಕನೆಯ ಸೂತ್ರವು ಈ ಸತ್ಯವನ್ನು ಅರ್ಧಕ್ಕೆ ಮುಟ್ಟಿದೆ. ಬೇಗನೆ ಮಾರಲಾಗದ ಆಧಾರವು ಯೋಗ್ಯವೆಂದು ಹೇಳುವವನು ಸಂಸ್ಥೆಯ ಋಣವು ದೂರದ್ದೆಂಬುದನ್ನು ಮನಸ್ಸಿನಲ್ಲಿಟ್ಟೇ ಹೇಳಿರಬೇಕು. ಆದರೆ ಆ ಕಾರಣವು ಮೊದಲನೆಯ ಸೂತ್ರದವರೆಗೆ ಹಿಂದಿರುಗಿ ಹೋಗಲಿಲ್ಲ. ಐದನೆಯ ಸೂತ್ರದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಹೊಸ ವಿಮೆಯ ಆಸೆಗಾಗಿ ಕೊಟ್ಟ ಸಾಲವು ಉಳಿದ ನಾಲ್ಕಕ್ಕೂ ಶತ್ರುವಾಗಬಲ್ಲದು.

ರೆಡಿಂಗ್ಟನನ ವಿಧಾನಕ್ಕೂ ಮೇರೆಯುಂಟು. ಬಡ್ಡಿಯ ಬದಲಾವಣೆಯು ಅಲ್ಪವಾಗಿದ್ದು ಎಲ್ಲ ಅವಧಿಗಳಿಗೂ ಒಂದೇ ಸಮನಾಗಿರುವುದೆಂದು ಅದು ಭಾವಿಸುತ್ತದೆ. ನಿಶ್ಚಿತವಾದ ಮೊತ್ತಕ್ಕೆ ಅದು ಕವಚ. ಲಾಭದಲ್ಲಿ ಪಾಲುಳ್ಳ ವಿಮಾದಾರನಾದರೋ ನಿಶ್ಚಿತ ಮೊತ್ತವನ್ನಷ್ಟೇ ಅಲ್ಲದೆ ಬೋನಸ್ಸನ್ನೂ ನಿರೀಕ್ಷಿಸಿ ಹೆಚ್ಚಿನ ಕಂತು ಕಟ್ಟುತ್ತಾನೆ. ಅವನ ಪಾಲಿನ ನಿಧಿಯಲ್ಲಿ ಬೇಯ್ಲಿಯ ಎರಡನೆಯ ಸೂತ್ರವು ಮತ್ತೆ ತನ್ನ ಎಲೆಗಾಗಿ ಬಂದು ನಿಲ್ಲುತ್ತದೆ. ಈ ಸಾರಿ ಅದನ್ನು ಅಧೀನವೆಂದು ಹಿಂದಕ್ಕೆ ಕಳುಹಿಸುವುದು ಸುಲಭವಲ್ಲ.