ಹದಿನಾಲ್ಕು ತಲೆಗಳ ಮೇಲೆ ಹೊರಿಸಿದ ಭರವಸೆ

ದೇಹದ ರೋಗನಿರೋಧಕ ಕಣಗಳ ಕಡಿವಾಣ ಕಳಚುವ ಇಮ್ಯುನೋಥೆರಪಿ ಪಡೆದ ಕ್ಯಾನ್ಸರ್ ರೋಗಿಗಳ ನರೆಗೂದಲು ಕಪ್ಪಾಯಿತೆಂಬ ಸುದ್ದಿ 2017ರಲ್ಲಿ ಎಲ್ಲೆಡೆ ಹಬ್ಬಿತು. ಅದರ ಮೂಲ, ಸ್ಪೇನಿನ ವೈದ್ಯರು ‘ಜಾಮಾ ಡರ್ಮಟಾಲಜಿ’ ಪತ್ರಿಕೆಯಲ್ಲಿ ಬರೆದ ಪುಟ್ಟ ಲೇಖನ. ಲೇಖನ ಪ್ರಾಮಾಣಿಕವಾದದ್ದೇ. ಅದಕ್ಕೆ ಸಿಕ್ಕ ಕೀರ್ತಿ ಮಾತ್ರ ಅದು ಹೊರಲಾರದಷ್ಟು.

ಶ್ವಾಸಕೋಶದ ಕ್ಯಾನ್ಸರಿನ 52 ರೋಗಿಗಳಲ್ಲಿ 14 ಮಂದಿಯ ಕೂದಲು ಕಪ್ಪಾಗಿತ್ತು. ಆ 14ರಲ್ಲಿ 13 ಮಂದಿಯ ರೋಗ ಹಿಮ್ಮೆಟ್ಟಿತ್ತು, ಇಲ್ಲವೇ ಬೆಳೆಯದೆ ನಿಂತಿತ್ತು. ಹಾಗಾಗಿ ಕಪ್ಪು ಕೂದಲು ಔಷಧಿ ಹಿಡಿದ ಗುರುತಾಗಿರಬಹುದು ಎಂದರು ಆ ವೈದ್ಯರು. ತೊಡಕಿರುವುದು ಇಲ್ಲೇ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಬುಡದ ಕಪ್ಪು ಕಣ್ಣಿಗೆ ಬೀಳಬೇಕಾದರೆ ರೋಗಿ ತಿಂಗಳುಗಟ್ಟಲೆ ಬದುಕಿ ಚಿಕಿತ್ಸೆಯಲ್ಲಿರಬೇಕು. ಔಷಧಿ ಹಿಡಿಯದೆ ಬೇಗ ತೀರಿಕೊಂಡವರ ಕೂದಲಿಗೆ ಆ ಕಾಲಾವಕಾಶವೇ ಇರುವುದಿಲ್ಲ. ಔಷಧಿ ಹಿಡಿದದ್ದಕ್ಕೆ ಕೂದಲು ಕಪ್ಪಾಯಿತೋ, ಹಿಡಿದವರು ಉಳಿದದ್ದರಿಂದ ಕಪ್ಪು ಕಣ್ಣಿಗೆ ಬಿತ್ತೋ? 14 ಜನರನ್ನು ನೋಡಿ ಇದನ್ನು ಹೇಳಲಾಗದು. ಸುದ್ದಿ ಬರೆದವರು ಉಳಿದ 38 ಜನರ ಬಗ್ಗೆ ಕೇಳಬೇಕಿತ್ತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಂತೂ ಲೆಕ್ಕ ತಿರುವುಮುರುವು: ಅಲ್ಲಿ ಚಿಕಿತ್ಸೆ ಫಲಿಸಿದವರಲ್ಲಿ ತೊನ್ನು, ಕೂದಲು ಬೆಳ್ಳಗಾಗುವುದು ಹೆಚ್ಚಾಗಿ ಕಂಡಿದೆ.

ಇನ್ನು ನಮ್ಮ ಬೆಂಗಳೂರನ್ನೇ ನೋಡಿ: ಶಿವಾಜಿನಗರದಲ್ಲಿ ಗಡ್ಡಕ್ಕೆ ಮೆಹೆಂದಿ, ಹಲಸೂರಿನ ಸಲೂನಿನಲ್ಲಿ ತಲೆಗೆ ಡೈ. ಹೀಗೆ ಬಣ್ಣ ಹಚ್ಚಿಕೊಳ್ಳುವವರಲ್ಲಿ ಆ ಗುರುತನ್ನು ಓದುವುದಾದರೂ ಹೇಗೆ? ಕೂದಲು ಕಪ್ಪಾಗಲಿಲ್ಲವೆಂದು ಒಬ್ಬ ರೋಗಿ ಎದೆಗುಂದಿದರೂ ಆ ಸುದ್ದಿ ಹಾನಿ ಮಾಡಿದಂತೆಯೇ.

‘ಜೀವ ಉಳಿದರೆ ಸಾಕು, ಕೂದಲ ಮಾತೇಕೆ’ ಎನ್ನುವವರ ಮೇಲೂ ನನ್ನ ತಕರಾರಿದೆ. ಅವರ ಉಡಾಫೆಯಿಂದಲೇ ‘ಇದು ಕೀಮೋ ಅಲ್ಲ, ಕೂದಲು ಉದುರಲ್ಲ’ ಎಂಬ ಅರೆಸತ್ಯ ಉಳಿದುಕೊಂಡಿದೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಇಮ್ಯುನೋಥೆರಪಿ, ಕೀಮೋ ಎರಡನ್ನೂ ಒಟ್ಟಿಗೇ ಕೊಡುತ್ತಾರೆ. ಜೊತೆಗೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ ಇದ್ದರೆ ಬಹುತೇಕ ಎಲ್ಲರ ಕೂದಲೂ ಉದುರುತ್ತದೆ. ಇಮ್ಯುನೋಥೆರಪಿ ಒಂದೇ ಆದರೂ, ಕಡಿವಾಣ ಕಳಚಿದ ರೋಗನಿರೋಧಕ ಕಣಗಳು ಕೂದಲ ಬುಡದ ಮೇಲೆರಗಿ, ಕೆಲವರ ತಲೆ ನಾಣ್ಯದಗಲ ಬೋಳಾಗುತ್ತದೆ. ಇದು ಅಪರೂಪ, ಆದರೆ ಸುಳ್ಳಲ್ಲ. ಅದೇ ಕಣಗಳು ಥೈರಾಯ್ಡನ್ನು ಕೆಡಿಸಿದಾಗಲೂ ತಲೆಯಿಡೀ ಕೂದಲು ತೆಳುವಾಗಬಹುದು. ಇದನ್ನು ಕಡೆಗಣಿಸಿದರೆ ಚಿಕಿತ್ಸೆಯಿರುವ ತೊಂದರೆಯೊಂದು ಕೈತಪ್ಪುತ್ತದೆ.

ಕೆ.ಆರ್. ಪುರದಿಂದ ಹಳೇ ಏರ್‌ಪೋರ್ಟ್ ರಸ್ತೆಯ ಆಸ್ಪತ್ರೆಗೆ ಡೋಸ್‌ಗೆಂದು ಹೋಗುವವರೇ, ಕೂದಲು ಉದುರುತ್ತಿದ್ದರೆ ಸಂಕೋಚ ಬಿಟ್ಟು ವೈದ್ಯರಿಗೆ ತಲೆ ತೋರಿಸಿ. ಥೈರಾಯ್ಡ್ ರಕ್ತಪರೀಕ್ಷೆ ಆಗಿದೆಯೇ ಎಂದು ಕೇಳಿ. ಔಷಧಿ ಹಿಡಿದಿದೆಯೇ ಎಂಬುದನ್ನು ಸ್ಕ್ಯಾನ್ ಹೇಳಲಿ.